ಗಿಳಿ ಓಡಿಸುವುದಕ್ಕೆ ನನ್ನ ದನಿ

ನನ್ನ ದನಿಯ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಇಲ್ಲವೆಂದು ಸುಳ್ಳು ಹೇಳಲಾರೆ. ಸೊರಬ ತಾಲ್ಲೂಕಿನ ಉಳವಿ ನನ್ನ ತವರು. ಅಲ್ಲಿ ಯಾರ ಮನೆಯ ಮದುವೆಯಾದರೂ ಆರತಿ ಹಾಡಿಗೆ ನನ್ನನ್ನೇ ಕರೆಯುತ್ತಿದ್ದರು. ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಮೇಲೂ ಭಜನಾ ಮಂಡಳಿಯಲ್ಲಿ ಮೊದಲ ಸಾಲು ಎತ್ತಿಕೊಡುವವಳು ನಾನೇ. ಇಂಥ ದನಿಯನ್ನು ನಮ್ಮ ಯಜಮಾನರು ಯಾವ ಘನಕಾರ್ಯಕ್ಕೆ ಆರಿಸಿಕೊಂಡರು ಗೊತ್ತೇ? ಮೆಕ್ಕೆಜೋಳದ ಹೊಲದಲ್ಲಿ ಗಿಳಿ ಓಡಿಸುವುದಕ್ಕೆ!

ಉಡುತಡಿ ದಾರಿಯಲ್ಲಿ ನಮ್ಮದೊಂದು ಎಕರೆ ಹೊಲವಿದೆ. ತೆನೆಯಲ್ಲಿ ಹಾಲುಗಾಳು ಕಟ್ಟಿತೋ ಇಲ್ಲವೋ, ಗಿಳಿಗಳ ದಂಡು ಹಾಜರು. ಹಸಿವಿಗೆ ತಿಂದರೆ ತಿನ್ನಲಿ, ಬೇಡವೆನ್ನಲು ನಾನೇನು ರಾಕ್ಷಸಿಯೇ? ಇವು ಒಂದು ತೆನೆ ಸುಲಿದು, ನಾಲ್ಕು ಕಾಳು ಕುಕ್ಕಿ, ಅದನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹಾರುತ್ತವೆ. ಮದುವೆಮನೆಯಲ್ಲಿ ಎಲೆ ತುಂಬ ಬಡಿಸಿಕೊಂಡು ಅರ್ಧಕ್ಕೇ ಏಳುವ ಜನರ ಹಾಗೆ. ನಮ್ಮ ಉಳವಿಯ ಕಡೆ ಗಿಳಿಗಳಿಲ್ಲವೇ? ನೀಲಿ ರೆಕ್ಕೆಯವಿವೆ. ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲದ, ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತ ನಿದ್ದೆ ಮಾಡುವ ಪುಟಾಣಿ ಗಿಳಿಗಳಿವೆ. ಅತ್ತಿಹಣ್ಣು, ಹೂವಿನ ರಸ ಎಂದುಕೊಂಡು ಕಾಡಿನಲ್ಲಿ ಮರ್ಯಾದೆಯಿಂದ ಬಾಳುತ್ತವೆ. ಶಿಕಾರಿಪುರದ ಈ ಕೆಂಪು ಕೊಕ್ಕಿನ, ಕೊರಳಿಗೆ ಪಟ್ಟಿ ಕಟ್ಟಿಕೊಂಡ ಮಹಾಶಯರಿಗೆ ಮಾತ್ರ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಈ ಮಾತನ್ನು ಯಜಮಾನರಿಗೆ ಹೇಳಿದರೆ, "ನಿಮ್ಮೂರಾಗಿಂದು ಸೊಳ್ಳೇನೂ ಸಾಧುನೇ ಬಿಡು" ಎನ್ನುತ್ತಾರೆ.

ಅವರೊಂದು ಬ್ಯಾಟರಿ ಮೈಕು ತಂದರು. ನಾವು ಕೂಗಿದ್ದನ್ನು ಹಿಡಿದಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕೂಗುವ ಯಂತ್ರ. "ನೀವೇ ಕೂಗ್ರಿ" ಎಂದೆ. "ನನ್ನ ದನಿಗೆ ಮನೆ ಬೆಕ್ಕೂ ಹೆದರಂಗಿಲ್ಲ. ನೀನೇ ಕೂಗು. ಹಾಡಬ್ಯಾಡ ಮತ್ತೆ. ನನಗೆ ದಿನಾ ಬೈತೀಯಲ್ಲ, ಹಂಗೇ ಬೈ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮುಖವನ್ನೇ ನೋಡುತ್ತ, "ಬಂದ್ರಾ ಮತ್ತೆ? ನಾಚ್ಕೆ ಆಗಲ್ವಾ? ತಿನ್ನದೊಂದ್ ಬಿಟ್ರೆ ಬೇರೆ ಕೆಲ್ಸ ಇಲ್ವಾ?" ಎಂದು ಮೈಕಿನ ಬಾಯಿಗೆ ಬೈದೆ. ಹೇಳಬಾರದು, ಮೊದಲ ದಿನವೇ ಒಂದು ಗಿಳಿಯೂ ಹೊಲದ ಕಡೆ ತಲೆ ಹಾಕಲಿಲ್ಲ. ಪಕ್ಕದ ಹೊಲದ ನಿಂಗಪ್ಪ ನನಗೆ ಕೈಮುಗಿದು ಹೋದ. ಆ ನಮಸ್ಕಾರ ಭಕ್ತಿಯದೋ ಭಯದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

ಅದೇ ವಾರ ಕಾಗೆಗಳು ಅಟ್ಟಿಸಿಕೊಂಡು ಬಂದ ಗಿಳಿಯೊಂದು ನಮ್ಮ ಹಿತ್ತಿಲಿಗೆ ಬಿತ್ತು. ರೆಕ್ಕೆಗೆ ಪೆಟ್ಟಾಗಿತ್ತು, ಬಾಲದ ಒಂದು ಗರಿ ಸೊಟ್ಟಗಾಗಿತ್ತು. ಬೆಳೆ ತಿನ್ನುವ ಶತ್ರುವೇ ಇರಬಹುದು, ಹಾಗೆಂದು ಕಾಗೆಯ ಬಾಯಿಗೆ ಕೊಡಲಾದೀತೇ? ದನದ ಆಸ್ಪತ್ರೆಗೆ ಒಯ್ದೆವು. "ಅಮ್ಮಾ, ಗಿಳಿ ಸಾಕೋದು ಅಪರಾಧ. ಅರಣ್ಯ ಇಲಾಖೆಯವರಿಗೆ ತಿಳಿಸಿ, ವಾಸಿ ಆಗ್ತಿದ್ದಂಗೆ ಬಿಟ್ಬಿಡಿ" ಎಂದರು ಡಾಕ್ಟರು. ತಿಳಿಸಿದೆವು. ಬಂದು ನೋಡಿದವರು ರೆಕ್ಕೆ ಕೂಡುವವರೆಗೆ ಮಾತ್ರ ಎಂದು ಎಚ್ಚರಿಕೆ ಕೊಟ್ಟು ಹೋದರು. ಹಾಲು ಹಾಕಬಾರದು, ಉಪ್ಪು ಕೂಡದು, ಕರಿದದ್ದು ಕೂಡದು, ಪಂಜರದಲ್ಲಿ ಮುದುರಿಸಿ ಇಡಬಾರದು. ಹಿತ್ತಿಲ ಕೋಣೆಯನ್ನೇ ಖಾಲಿ ಮಾಡಿಕೊಟ್ಟೆ. ನಾನು ಹೆಸರುಕಾಳು ನೆನೆಸಿ, ಪೇರಲೆಹಣ್ಣು ಹೆಚ್ಚಿ ಬಾಣಂತನ ಮಾಡುತ್ತಿದ್ದರೆ, ನಮ್ಮವರು ಹಿಂದಿನಿಂದ ಹೋಗಿ ಖಾರ ಮಂಡಕ್ಕಿ ತಿನ್ನಿಸಲು ನೋಡುತ್ತಿದ್ದರು! ಕೈಗೆ ಒಂದು ಕೊಟ್ಟು ಕಿತ್ತುಕೊಂಡೆ. ಓಣಿಯ ಹೆಂಗಸರು ಹಸಿಮೆಣಸಿನಕಾಯಿ ಕೊಟ್ಟರೆ ಮಾತಾಡುತ್ತದೆ ಎಂದರು. ಕೊಟ್ಟೆ. ಖಾರವೇ ಇಲ್ಲವೆಂಬಂತೆ ತಿಂದಿತೇ ಹೊರತು ಒಂದು ಮಾತೂ ಆಡಲಿಲ್ಲ. "ಈ ಮನ್ಯಾಗ ಅದಕ್ಕರ ಎಲ್ಲಿ ಪಾಳಿ ಸಿಗಬೇಕು?" ಎಂದರು ಯಜಮಾನರು.

ನಾನು ತಟ್ಟೆ ಹಿಡಿದು ಹೋಗುತ್ತಿದ್ದಂತೆ ಅದು ಬಾಗಿಲ ಬಳಿಗೇ ತೂಗಾಡುತ್ತ ಬರುತ್ತಿತ್ತು. "ಬಂದ್ರಾ ಮತ್ತೆ? ನಾಚ್ಕೆ ಆಗಲ್ವಾ?" ಎಂದು ಬೈದೇ ಹಣ್ಣು ಕೊಡುತ್ತಿದ್ದೆ. ಗಂಡನಿಗೆ ಬೈದು ರೂಢಿಯಾದ ನಾಲಿಗೆ, ಗಿಳಿಗೂ ಅದೇ ಬಹುವಚನ. ಮೂರು ವಾರಕ್ಕೆ ರೆಕ್ಕೆ ಕೂಡಿತು. ಇಲಾಖೆಯವರ ಎದುರಿಗೇ ಬಿಟ್ಟೆವು. ಹಿಂದಿರುಗಿ ಕೂಡ ನೋಡದೆ ಹಾರಿಹೋಯಿತು, ಕೃತಘ್ನ! ನಾನು ಒಳಗೆ ಹೋಗಿ ಸುಮ್ಮನೆ ಅತ್ತೆ.

ನಾಲ್ಕನೆಯ ದಿನ ನಿಂಗಪ್ಪ ಏದುಸಿರು ಬಿಡುತ್ತ ಬಂದ. "ಅಕ್ಕಾರೆ, ನಿಮ್ ಕಾಲಿಗೆ ಬೀಳ್ತೀನಿ, ಆ ಮೈಕ್ ಬಂದ್ ಮಾಡಸ್ರೀ. ನೀವು ಬೈಯಾಕ್ ಹತ್ತಿದ್ರೆ ಸಾಕು, ಎಲ್ಲಿದ್ರೂ ಬರ್ತಾವ್ರೀ ಗಿಣಿ! ನನ್ನ ಹೊಲಾನೂ ತಿಂದು ಹಾಕಿದ್ವು!"

ಓಡಿದೆವು. ಮೈಕು ಕಟ್ಟಿದ ಗಳುವಿನ ತುದಿಯಲ್ಲಿ ಅದೇ ಸೊಟ್ಟ ಗರಿಯ ಗಿಳಿ ಕೂತಿತ್ತು. ನನ್ನ ದನಿ "ಬಂದ್ರಾ ಮತ್ತೆ?" ಎಂದಾಗಲೆಲ್ಲ ಬಗ್ಗಿ ಮೈಕಿನ ಬಾಯೊಳಗೆ ಪೇರಲೆಹಣ್ಣು ಹುಡುಕುತ್ತಿತ್ತು. ಅದು ನಿಶ್ಚಿಂತೆಯಿಂದ ಕೂತದ್ದನ್ನು ಕಂಡು ಅದರ ಬಳಗವೆಲ್ಲ ಧೈರ್ಯ ತಂದುಕೊಂಡು ತೆನೆಗಳ ಮೇಲೆ ಇಳಿದಿತ್ತು. ನಾಲ್ಕು ಸಾಲು ಬರೀ ದಂಟು. ತಿಂಗಳುಗಟ್ಟಲೆ ಕಾದ ಬೆಳೆ! ನನಗೆ ಅಳುವೂ ಬಂತು, ಕೋಪವೂ ಬಂತು. ಯಜಮಾನರಿಗೆ ಬಂದದ್ದು ನಗು. ಅಲ್ಲೇ ನನ್ನ ಬೈಗುಳ ಅಳಿಸಿ, ಮೈಕಿಗೆ ಬಾಯಿಟ್ಟು "ಹೋಯ್!" ಎಂದು ತಾವೇ ಕೂಗಿ ಹಚ್ಚಿದರು. ದಂಡೆಲ್ಲ ಎದ್ದು ಪರಾರಿ. ಉಳಿದ ಜೋಳ ಉಳಿಯಿತು. ಬೆಕ್ಕೂ ಹೆದರದ ದನಿಯಂತೆ! ಆ ಸೊಟ್ಟ ಗರಿಯದೊಂದು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಕೂತು, ಮೈಕಿನೊಳಗೆ ನನ್ನನ್ನು ಹುಡುಕಿ, ಆಮೇಲೆ ಹಾರಿತು.

ಆ ಮಧ್ಯಾಹ್ನ ಯಜಮಾನರು ಊರೆಲ್ಲ ಸುತ್ತಿ, ಕಂಡಕಂಡವರಿಗೆ ಈ ಕತೆ ಹೇಳಿ, ತಡವಾಗಿ ಮನೆಗೆ ಬಂದರು. ಬೆಳಗಿನಿಂದ ಕುದಿಯುತ್ತಿದ್ದ ನಾನು ಅಡುಗೆಮನೆಯಿಂದಲೇ ಶುರು ಮಾಡಿದೆ: "ಬಂದ್ರಾ ಮತ್ತೆ? ನಾಚ್ಕೆ ಆಗಲ್ವಾ?" ಇನ್ನೂ ಮುಗಿಸಿರಲಿಲ್ಲ, ಅವರು ಕೈತೊಳೆದು, ತಟ್ಟೆಯ ಮುಂದೆ ಕೂತು, ಕತ್ತು ಓರೆ ಮಾಡಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು.

ಮೂವತ್ತು ವರ್ಷ ಈ ಮನುಷ್ಯನಿಗೆ ಬೈಯುತ್ತಿದ್ದೇನೆ ಎಂದುಕೊಂಡಿದ್ದೆ. ಊಟಕ್ಕೆ ಕರೆಯುತ್ತಿದ್ದೆನಂತೆ.