ಮಂಜಿನಲ್ಲಿ ಕಂಡ ದಿಲ್ಲಿ

ಜನವರಿಯ ಆ ಬೆಳಿಗ್ಗೆ ಮಯೂರ್ ವಿಹಾರದಲ್ಲಿ ಎದುರುಗಡೆಯ ಕಟ್ಟಡವೇ ಮಂಜಿನಲ್ಲಿ ಕಾಣೆಯಾಗಿತ್ತು. ವರುಣ್ ಒಳಗೊಳಗೇ ಹಿಗ್ಗಿದ. ದಿಲ್ಲಿಗೆ ಬಂದು ಆರು ವರ್ಷವಾದರೂ ಅವನು ಕಂಡಿದ್ದು ಮನೆ, ಮೆಟ್ರೊ ಮತ್ತು ನೋಯ್ಡಾದ ಆಫೀಸು ಮಾತ್ರ. ಆದರೆ ದಾವಣಗೆರೆಯ ಅತ್ತೆ ಸೀತಮ್ಮನವರಿಗೆ ಫೋನಿನಲ್ಲಿ, "ಇಲ್ಲಿನ ಒಂದೊಂದು ಕಲ್ಲೂ ನನಗೆ ಪರಿಚಯ" ಎಂದು ಕೊಚ್ಚಿಕೊಳ್ಳುತ್ತಲೇ ಬಂದಿದ್ದ. ಈಗ ಅವರೇ ದಿಲ್ಲಿ ನೋಡಲು ಬಂದಿದ್ದರು; ಮಂಜಿದ್ದರೆ ಸುತ್ತಾಟ ತಪ್ಪುತ್ತಿತ್ತು.

"ನಾಳೆ ಅಮ್ಮ ಊರಿಗೆ ಹೋಗೋ ರೈಲು. ಇವತ್ತು ತೋರಿಸ್ಲಿಲ್ಲ ಅಂದ್ರೆ ಇನ್ಯಾವಾಗ?" ಎಂದು ಹೆಂಡತಿ ಹರ್ಷಿಣಿ ಆಫೀಸಿಗೆ ಹೊರಟಳು. ಪಕ್ಕದ ಮನೆಯ ಬಸವಲಿಂಗಪ್ಪನವರು ಇಣುಕಿ, "ಮಂಜು ಈಗ ಕರಗುತ್ತೆ. ಚಲೋ, ಹೊರಡಿ," ಎಂದು ಆಟೊವನ್ನೇ ಕರೆಸಿಬಿಟ್ಟರು.

ಮಂಜು ಕರಗಲಿಲ್ಲ. ಇಂಡಿಯಾ ಗೇಟ್ ಇರಬೇಕಾದ ಕಡೆ ಹಾಲು ಚೆಲ್ಲಿದಂಥ ಬಿಳುಪು.

"ಎಲ್ಲಿದೆ ಅಳಿಯಂದ್ರೆ?"

"ಇಲ್ಲೇ ಇದೆ ಅತ್ತೆ. ಕಣ್ಣು ಮುಚ್ಕೊಳ್ಳಿ, ಹೇಳ್ತೀನಿ."

"ಮುಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ," ಎಂದು ಅವರು ಮುಚ್ಚಿಕೊಂಡರು.

ವರುಣ್ ಬಾಯಿಗೆ ಬಂದದ್ದು ಹೇಳತೊಡಗಿದ. ಕಮಾನಿನ ಎತ್ತರ, ಕಲ್ಲಿನಲ್ಲಿ ನಿದ್ದೆಹೋದ ಸೈನಿಕರ ಹೆಸರುಗಳು, ಸಂಜೆ ಅವನ್ನು ಎಬ್ಬಿಸಲು ಬರುವ ಪಾರಿವಾಳಗಳು. ಹೇಳುತ್ತ ಹೇಳುತ್ತ ಅವನಿಗೇ ಎಲ್ಲವೂ ಕಾಣತೊಡಗಿತು. ಕನ್ನಡ ಕೇಳಿಸಿ, ಮಂಜಿನೊಳಗಿಂದ ಶಾಲು ಹೊದ್ದ ಪ್ರವಾಸಿಗಳು ಒಬ್ಬೊಬ್ಬರಾಗಿ ಮೂಡಿಬಂದು ಹಿಂದೆ ನಿಂತರು.

ಹುಮಾಯೂನನ ಸಮಾಧಿಗೂ ಅವರು ಬಾಲದಂತೆ ಹಿಂಬಾಲಿಸಿದರು. ಮಂಜಿನಲ್ಲಿ ಮಸುಕಾಗಿ ಕಂಡ ಗೋಡೆಯತ್ತ ವರುಣ್ ಕೈಚಾಚಿದ. "ಇದೇ ನೋಡಿ. ಮೇಲೆ ಗುಮ್ಮಟ, ಹಾಲಿಗೆ ಬಿದ್ದ ಚಂದ್ರನ ಹಾಗೆ. ಒಳಗೆ ಬಾದಶಹ ಮಲಗಿದ್ದಾನೆ. ಕಾಲುವೆಯ ನೀರು ಅವನ ಕನಸಿನೊಳಗೇ ಹರಿಯುತ್ತೆ."

ಮುದುಕರೊಬ್ಬರು ಕಣ್ಣೊರೆಸಿಕೊಂಡರು.

ಆಗಲೇ ಬಿಸಿಲು ಬಂತು. ಯಾರೋ ಕಂಬಳಿ ಸರಿಸಿದ ಹಾಗೆ ಮಂಜು ಎದ್ದುಹೋಯಿತು. ವರುಣ್ ತೋರಿಸುತ್ತಿದ್ದ ಬಾದಶಹನ ಮನೆಯಿಂದ ಒಬ್ಬಾತ ಒದ್ದೆ ಕೈ ಕೊಡವುತ್ತ ಹೊರಬಂದ. ಅದು ಶೌಚಾಲಯ. ಹುಮಾಯೂನ ಅವರೆಲ್ಲರ ಬೆನ್ನ ಹಿಂದೆ ಕೆಂಪಗೆ, ಭಾರಿಯಾಗಿ ನಿಂತಿದ್ದ.

ಗುಂಪು ತಿರುಗಿ ಅತ್ತ ನಡೆಯಿತು.

"ಅತ್ತೆ, ನಾನೂ ಇದೇ ಮೊದಲ ಸಲ ನೋಡ್ತಿರೋದು," ಎಂದ ವರುಣ್.

"ಗೊತ್ತಾಯ್ತು." ಸೀತಮ್ಮ ಗುಮ್ಮಟವನ್ನು ಬಹಳ ಹೊತ್ತು ದಿಟ್ಟಿಸಿದರು. "ಚೆನ್ನಾಗೇ ಇದೆ. ಆದ್ರೆ ನೀವು ಹೇಳಿದಷ್ಟಿಲ್ಲ."

ಸಂಜೆ ಮನೆಯಲ್ಲಿ ಅವರು ಸೂಟ್‌ಕೇಸಿನಿಂದ ಸೀರೆಗಳನ್ನು ಮತ್ತೆ ಹೊರತೆಗೆಯುತ್ತಿದ್ದರು. "ಟಿಕೆಟ್ ಕ್ಯಾನ್ಸಲ್ ಮಾಡಮ್ಮ," ಎಂದರು ಮಗಳಿಗೆ. "ಕೆಂಪು ಕೋಟೆ, ಕುತುಬ್ ಮಿನಾರ್ ಇನ್ನೂ ಬಾಕಿ ಇವೆ. ಮತ್ತೆ ಮಂಜು ಬೀಳ್ಲಿ, ಅಳಿಯಂದ್ರ ಜೊತೆ ನೋಡ್ಕೊಂಡೇ ಹೋಗ್ತೀನಿ."

ಹರ್ಷಿಣಿ ಫೋನ್ ನೋಡಿದಳು. "ಇನ್ನು ಎರಡು ವಾರ ಬರೀ ಬಿಸಿಲಂತೆ ಅಮ್ಮ."

"ಇರ್ಲಿ ಬಿಡು. ನನಗೇನು ಅವಸರ," ಎಂದರು ಸೀತಮ್ಮ.