ಸಣ್ಣಜ್ಜನ ಪಪ್ಪಾಯಿ ವಾದ್ಯ

ಮಕ್ಕಳೇ, ನಿಮ್ಮ ಸಣ್ಣಜ್ಜನ ಕೈಗೆ ಸಿಕ್ಕ ಯಾವ ವಸ್ತುವೂ ಆಮೇಲೆ ತನ್ನ ಸ್ವಂತ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಗೋಡೆ ಗಡಿಯಾರ ರಿಪೇರಿ ಮಾಡಿದ. ಅದು ಗಂಟೆ ಹೊಡೆಯುವುದನ್ನು ಬಿಟ್ಟು ಬಿಸಿಯಾಗತೊಡಗಿತು. ಕೊಡೆಗೆ ಹೊಸ ಕಡ್ಡಿ ಹಾಕಿದ. ಅಂದಿನಿಂದ ಅದು ಮನೆಯೊಳಗೆ ಮಾತ್ರ ಬಿಚ್ಚಿಕೊಳ್ಳುತ್ತಿತ್ತು, ಮಳೆಯಲ್ಲಿ ಕಾಲಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ನೀರಿನ ಮೋಟರಿನ ವಿಷಯ ನಾನು ಬರೆಯುವುದಿಲ್ಲ. ಅದರಿಂದ ಬಾಜೂ ಮನೆಯವರು ನಮಗೆ ಆಡಿದ ಮಾತು ನಿಮ್ಮ ಕಿವಿಗೆ ಬೀಳುವಂಥದ್ದಲ್ಲ. ಇಂಥವನು ಒಂದು ವಾದ್ಯವನ್ನು ತಾನೇ ಜೋಡಿಸುತ್ತೇನೆ ಎಂದರೆ, ಹೇಳಿ, ನಾನು ನಗಬೇಕೋ ಅಳಬೇಕೋ?

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ನಾನು ಮದುವೆಯಾಗಿ ಹುಕ್ಕೇರಿಗೆ ಬಂದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆದ್ದರಿಂದ ಅವನನ್ನು ‘ಅವರು’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಅವನು ಮದುವೆಯನ್ನೇ ಮಾಡಿಕೊಳ್ಳಲಿಲ್ಲ. ಅತ್ತಿಗೆಯಾಗಿ ನಾನು ಯಾಕೆಂದು ಕೇಳಿದರೆ “ಟೈಮ್ ಎಲ್ಲೈತ್ರಿ ವೈನಿ?” ಅನ್ನುತ್ತಿದ್ದ. ನಮ್ಮ ಬೆಲ್ಲದ ಅಂಗಡಿಯಲ್ಲಿ ನಿಮ್ಮ ಅಜ್ಜ ಬೆಲ್ಲ ತೂಗುತ್ತಿದ್ದರು, ಇವನು ತಕ್ಕಡಿ ರಿಪೇರಿ ಮಾಡುತ್ತಿದ್ದ. ಅಂದರೆ ಇಬ್ಬರೂ ಸೇರಿ ಅರ್ಧ ಮನುಷ್ಯನ ಕೆಲಸ ಮಾಡುತ್ತಿದ್ದರು!

ನಿಮ್ಮ ಅಜ್ಜ ಬಸದಿಯ ಭಜನಾ ಮಂಡಳಿಗೆ ಹಿರಿಯರು. ಹಾರ್ಮೋನಿಯಂ ಅವರದೇ. ಯಾರಾದರೂ ತಾಳ ತಪ್ಪಿದರೆ ಅವರ ಬಲಗೈ ಮೇಲೇಳುತ್ತಿತ್ತು. ಕೈ ಎದ್ದರೆ ಹಾಡು ನಿಲ್ಲಬೇಕು, ಮೊದಲಿನಿಂದ ಶುರುವಾಗಬೇಕು. ಸಣ್ಣಜ್ಜ ತಾಳ ಬಾರಿಸುತ್ತಿದ್ದ ಕಾಲದಲ್ಲಿ ಆ ಕೈ ಕೆಳಗಿಳಿದದ್ದೇ ಕಡಿಮೆ. ಹಾಡು ಘೋಡಗೇರಿಯ ದಾರಿ ಹಿಡಿದಿದ್ದರೆ ಇವನ ತಾಳ ಕಣಗಲಾ ಕಡೆಗೆ ಹೊರಟಿರುತ್ತಿತ್ತು. ಒಂದು ದಿನ ನಿಮ್ಮ ಅಜ್ಜ ಎಲ್ಲರೆದುರೇ ತಾಳಗಳನ್ನು ಅವನ ಕೈಯಿಂದ ಕಸಿದುಕೊಂಡು, “ನೀ ಬಾಗಿಲಾಗ ಕುಂತು ಚಪ್ಪಲಿ ನೋಡ್ಕೋ ಹೋಗು” ಅಂದರು.

ಹೋದ! ಸಿಟ್ಟು ಮಾಡಿಕೊಂಡು ಮನೆಗೆ ಬಂದಿದ್ದರೆ ನನಗೂ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಅಂದಿನಿಂದ ಪ್ರತಿ ಭಜನೆಗೂ ಬಿಳಿ ಧೋತರಕ್ಕೆ ಇಸ್ತ್ರಿ ಹಾಕಿಸಿಕೊಂಡು ಹೋಗಿ ಚಪ್ಪಲಿಗಳ ನಡುವೆ ಕುಳಿತು ತಲೆಯಾಡಿಸುತ್ತಿದ್ದ, ಅದೂ ತಪ್ಪು ತಾಳಕ್ಕೆ. ಚಪ್ಪಲಿ ಕಾಯುವವನಿಗೆ ಇಸ್ತ್ರಿ ಧೋತರ ಯಾಕೋ ಎಂದು ನಾನು ಬೈಯುತ್ತಿದ್ದೆ. ಅವನಿಗಿದ್ದ ಆಸೆ ಒಂದೇ. ಅದು ಓಣಿಗೆಲ್ಲ ಗೊತ್ತಿತ್ತು: ಚಪ್ಪಲಿಗಳ ನಡುವಿನಿಂದೆದ್ದು ಮತ್ತೆ ಒಳಗಿನ ಜಮಖಾನೆಯ ಮೇಲೆ ಕೂರಬೇಕು. ಊಟಕ್ಕೆ ಕುಳಿತಾಗಲೆಲ್ಲ ಅಣ್ಣನಿಗೆ ಗಂಟು ಬೀಳುತ್ತಿದ್ದ.

“ಅಣ್ಣಾ, ಮಹಾವೀರ ಜಯಂತಿಗೆ ನಾನೂ ಒಳಗ ಕುಂದರ್ತೇನಿ.”

“ನಿನ್ನ ಕೈಯಾಗ ತಾಳ ಕೊಡಂಗಿಲ್ಲ. ಮುಗೀತು.”

“ತಾಳ ಬ್ಯಾಡ. ಬ್ಯಾರೆ ವಾದ್ಯ ತಂದ್ರ?”

“ತಗೊಂಡು ಬಾ, ನೋಡೂಣು,” ಅಂದುಬಿಟ್ಟರು ನಿಮ್ಮ ಅಜ್ಜ. ರೊಟ್ಟಿ ಆರುತ್ತಿತ್ತು, ಪೀಡೆ ತೊಲಗಿದರೆ ಸಾಕಾಗಿತ್ತು ಅವರಿಗೆ. ಬೆಲ್ಲ ತೂಗುವಾಗ ಅಷ್ಟು ಹುಷಾರಿರುವ ಮನುಷ್ಯ ಮಾತು ಆಡುವಾಗ ಹೀಗೆ ಸಡಿಲ ಬಿಡುವುದೇ?

ಮುಂದೆ ನೆಂಟರ ಮದುವೆಗೆಂದು ಮುಂಬಯಿಗೆ ಹೋದವನು ಒಂದು ಉದ್ದನೆಯ ಡಬ್ಬಿ ತಂದ. ಮೇಲೆ ಸಮುದ್ರದ ದಂಡೆಯ ಚಿತ್ರ. ಕೊರಳಿಗೆ ಹೂವಿನ ಹಾರ ಹಾಕಿಕೊಂಡ ಹುಡುಗಿ. ಅವಳ ಕೈಯಲ್ಲಿ ಗಿಟಾರಿನ ಮರಿಯಂಥದ್ದೊಂದು. ಬಿಚ್ಚಿ ನೋಡಿದರೆ ಒಳಗೆ ಬರೀ ತುಂಡುಗಳು.

“ಏನೋ ಇದು, ಒಡದದ್ದ ತಂದಿಯಲ್ಲ?”

“ಒಡದದ್ದಲ್ರಿ ವೈನಿ, ಜೋಡಸೂದು. ಯುಕುಲೇಲೆ ಅಂತಾರ. ನಾವ ಕೂಡಸಬೇಕು, ನಾವ ಬಣ್ಣಾ ಹಚ್ಚಬೇಕು.”

“ಮಾಡಿದ್ದ ಸಿಗೂದಿಲ್ಲೇನು ಮುಂಬೈಯಾಗ?”

“ಮಾಡಿದ್ದನ್ನ ಯಾರರ ತರ್ತಾರ ಬಿಡ್ರಿ!”

ತೆಳುವಾದ ಕಟ್ಟಿಗೆಯ ಪೊಳ್ಳು ಹೊಟ್ಟೆ, ಅದರ ನಡುವೆ ದುಂಡನೆಯ ತೂತು. ಬೇರೆಯಾಗಿ ಒಂದು ಕತ್ತು. ತಂತಿ ಬಿಗಿಯಲು ನಾಲ್ಕು ಕಿವಿ, ನಾಲ್ಕು ಬಿಳಿ ತಂತಿ, ತಿಕ್ಕಲು ಪಾಲಿಶ್ ಪೇಪರ್, ಒಂದು ಅಂಟಿನ ಟ್ಯೂಬು. ಹೇಗೆ ಜೋಡಿಸಬೇಕೆಂಬ ಹಾಳೆ ಯಾವುದೋ ದೇಶದ ಲಿಪಿಯಲ್ಲಿತ್ತು. ಅದನ್ನು ನೋಡಿ ಅವನಿಗೆ ಪರಮ ಸಂತೋಷವಾಯಿತು. ಓದುವ ಕೆಲಸ ತಪ್ಪಿತಲ್ಲ!

ಆದರೆ ನಿಮ್ಮ ಅಜ್ಜ ಸುಮ್ಮನೆ ಬಿಡುವವರೇ? ಬಸದಿಯೊಳಗೆ ಬರುವ ವಸ್ತು ಅದು. ಟ್ಯೂಬನ್ನು ದೂರ ಹಿಡಿದು, “ಈ ಅಂಟು ಯಾತರದ್ದು?” ಅಂದರು. ಯಾರಿಗೆ ಗೊತ್ತು? ಓಣಿಯ ಬಡಿಗೇರನನ್ನು ಕರೆಸಿ ಕೇಳಿದರೆ ಅವನು, “ಇದು ಗೊತ್ತಿಲ್ರಿ. ಹಿಂದಕ ಮಾತ್ರ ಗಟ್ಟಿ ಅಂಟು ಅಂದ್ರ ತೊಗಲು, ಎಲುಬು ಕುದಿಸೇ ಮಾಡ್ತಿದ್ರು” ಅಂದ. ಜೈನರ ಮನೆಯಲ್ಲಿ ಇನ್ನೇನು ಬೇಕು? ಸಣ್ಣಜ್ಜ ನನ್ನ ಇಕ್ಕಳದಿಂದ ಆ ಟ್ಯೂಬನ್ನು ಹಿಡಿದು ಮನೆಯಾಚೆ ಒಯ್ದ. ಆಮೇಲೆ ಆ ಇಕ್ಕಳವೂ ನನಗೆ ವಾಪಸ್ಸು ಬರಲಿಲ್ಲ.

“ಮತ್ತ ತಂತಿ? ಕುರಿ ಕರಳಿಂದ ತಂತಿ ಮಾಡ್ತಾರಂತ ಕೇಳೇನಿ,” ಅಂದರು ನಿಮ್ಮ ಅಜ್ಜ.

ಅದನ್ನು ಪರೀಕ್ಷೆ ಮಾಡಲು ಸಣ್ಣಜ್ಜ ಒಂದು ತಂತಿಯ ತುದಿಗೆ ಕಡ್ಡಿ ಗೀರಿದ. ಕೂದಲು ಸುಟ್ಟ ನಾತ ಬಂದರೆ ಕರುಳು. ಪ್ಲಾಸ್ಟಿಕ್ ನಾತ ಬಂತು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವನು ಅಣ್ಣನಿಗೆ ಮೂಸಿಸಿದ, ನನಗೆ ಮೂಸಿಸಿದ, ಬಡಿಗೇರನಿಗೆ ಮೂಸಿಸಿದ, ಮಂಡಳಿಯವರ ಮನೆಮನೆಗೆ ಹೋಗಿ ಮೂಸಿಸಿ ಬಂದ. ಎಲ್ಲರ ಮೂಗಿಗೆ ಸಮಾಧಾನವಾಗುವ ಹೊತ್ತಿಗೆ ಆ ತಂತಿ ಮೋಟುಬೆರಳಿನಷ್ಟು ಉಳಿದಿತ್ತು.

ಮೂಡಲಗಿಯಲ್ಲಿ ಎಲ್ಲ ತರದ ದಾರ ಸಿಗುವ ಅಂಗಡಿ ಇದೆಯೆಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದ. ಬರಿಗೈಲಿ ಬಂದ, ಮುಖ ಬಿಳಿಚಿಕೊಂಡಿತ್ತು. ಅಂಗಡಿಯವನು ಇಂಥದ್ದೇ ದಾರ ತೋರಿಸಿ, “ತಗೋರಿ ಕಾಕಾ, ಮೀನದ ಗಾಳದ್ದು. ಎಂಥಾ ಮೀನ ಜಗ್ಗಿದ್ರೂ ಹರಿಯಂಗಿಲ್ಲ” ಅಂದನಂತೆ! ಇವನು ಅಲ್ಲಿಂದ ಓಡಿ ಬಂದು ಮನೆಯಲ್ಲಿ ಸ್ನಾನ ಮಾಡಿದ. ಆಮೇಲೆ ನನಗೆ ತತ್ವ ಹೇಳಿದ.

“ವೈನಿ, ಮೂರ ತಂತಿ ಸಾಕು. ರತ್ನತ್ರಯ ಇದ್ದಂಗ. ದರ್ಶನ, ಜ್ಞಾನ, ಚಾರಿತ್ರ್ಯ.”

“ಹಂಗಾರ ನಾಕನೇ ಕಿವಿ ಯಾಕ?”

“ಅದು ಮೋಕ್ಷರಿ. ಅದಕ್ಕೆಲ್ಲಿ ತಂತಿ ಹತ್ತತಾವು?”

ಇಂಥವನಿಗೆ ಏನು ಹೇಳುತ್ತೀರಿ? ಅಂಟಿನ ದಾರಿ ತೋರಿಸಿದವಳು ನಾನೇ, ನನ್ನ ಬುದ್ಧಿಗಿಷ್ಟು! ನನ್ನ ತವರು ಗೋಕಾಕ. ಅಲ್ಲಿ ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುವುದನ್ನು ಸಣ್ಣವಳಿದ್ದಾಗ ನೋಡಿದ್ದೆ. ಬಾಯಿ ತಪ್ಪಿ ಹೇಳಿದೆ. ಹುರಿದದ್ದು ನಾನು, ಸಿಪ್ಪೆ ತೆಗೆದದ್ದು ನಾನು, ರುಬ್ಬಿದ್ದು ನಾನು. ನನ್ನ ಮಿಕ್ಸರಿನ ಸಣ್ಣ ಜಾರು ಆ ಅಂಟಿನಲ್ಲೇ ಜೀವ ಬಿಟ್ಟಿತು. ಅವನು ಕತ್ತು ಕೂಡಿಸಿದ. ಬೆಳಿಗ್ಗೆ ನೋಡಿದರೆ ಹಿಂದುಮುಂದಾಗಿ ಕೂಡಿತ್ತು. ವಾದ್ಯ ಯಾರೋ ಕರೆದಂತೆ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಮತ್ತೆ ನೆನೆಸಿ ಬಿಡಿಸಿ, ಮತ್ತೆ ಕೂಡಿಸಿದ.

ಆಮೇಲೆ ಬಣ್ಣ. ಹಸಿ ಬಣ್ಣಕ್ಕೆ ಸಣ್ಣ ಹುಳಗಳು ಬಂದು ಬೀಳುತ್ತವೆ, ಬಿದ್ದರೆ ಸಾಯುತ್ತವೆ. ಆದ್ದರಿಂದ ಬಣ್ಣ ಆರುವವರೆಗೆ ಬೀಸುತ್ತಲೇ ಇರಬೇಕು ಎಂದು ಅವನ ನಿಯಮ. ಅಂಗಳದಲ್ಲಿ ಯುಕುಲೇಲೆಯನ್ನು ಮಣೆಯ ಮೇಲೆ ಮಲಗಿಸಿ, ಮೊರ ಹಿಡಿದು ಇಡೀ ದಿನ ಗಾಳಿ ಹಾಕಿದ. ದಾರಿಯಲ್ಲಿ ಹೋಗುವವರು ನಿಂತು, ಯಾರಿಗೆ ಆರಾಮ ಇಲ್ಲವೆಂದು ಕೇಳಿ ಹೋಗುತ್ತಿದ್ದರು. ಹೊತ್ತು ಇಳಿಯಿತು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ.

“ವೈನಿ, ಜರಾ ಬೀಸ್ರಿ, ಉಂಡು ಬರ್ತೇನಿ!”

ಬೀಸಿದೆ. ಅತಿಥಿಗಳಿಗೂ ಹಾಗೆ ಬೀಸಿದವಳಲ್ಲ ನಾನು. ಅವನು ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ.

“ಒಂದು ಗುಂಗಾಡ ಅಂಟೈತ್ರಿ.”

“ನಾ ಬೀಸೂವಾಗ ಬಿದ್ದದ್ದಲ್ಲ.”

“ನೀವು ಸೆರಗ ಸರಿ ಮಾಡ್ಕೊಂಡಿರಬೇಕು. ಅದ ಹೊತ್ತಿಗೆ ಬಂದೈತಿ.”

ಒಂದು ಗುಂಗಾಡಿಗಾಗಿ ಬಣ್ಣವನ್ನೆಲ್ಲ ತಿಕ್ಕಿ ತೆಗೆದ. ಮರುದಿನ ಮತ್ತೆ ಬಣ್ಣ, ಮತ್ತೆ ಮೊರ, ಮತ್ತೆ ಒಂದು ಹುಳ. ಹೀಗೆ ತಿಕ್ಕಿ ತಿಕ್ಕಿ ಕಟ್ಟಿಗೆಯೆಲ್ಲ ಗೀರು, ಬಿರುಕು. ಜಯಂತಿ ಹತ್ತಿರ ಬಂತು. ಕೊನೆಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಗೋಕಾಕಿನ ಗೊಂಬೆ ಮಾಡುವ ಅಜ್ಜನಿಗೆ ಕೊಟ್ಟು ಬಂದ. ಕೊಡುವಾಗ ಒಂದು ಮಾತು ಹೇಳಿ ಬಂದಿದ್ದ, ತನ್ನ ಜಾಣತನ ಎಂದು: “ಬಿರುಕು, ತೂತು ಎಲ್ಲೆಲ್ಲಿ ಅದಾವು, ಪೂರಾ ತುಂಬ್ರಿ.”

ಆ ನಡುವೆ ತವರಿಗೆ ಹೋಗಿದ್ದ ನಾನು ಜಯಂತಿಯ ಹಿಂದಿನ ದಿನ ಅಲ್ಲಿಂದ ಹೊರಟಿದ್ದೆ. ಅವನು ಕರೆಯಲು ಬಂದಿದ್ದ. ಇಬ್ಬರೂ ಆ ಅಜ್ಜನ ಮನೆಗೆ ಹೋದೆವು. ಅಜ್ಜ ಒಳಗಿನಿಂದ ಎರಡೂ ಕೈಯಲ್ಲಿ ತಂದ. ನೋಡಿದರೆ, ಹಳದಿ, ಅಂಚಿನಲ್ಲಿ ಹಸಿರು, ಮೈಮೇಲೆ ಎಣ್ಣೆ ಹೊಳಪು. ಪಪ್ಪಾಯಿ! ಕತ್ತು ಇರುವ ಪಪ್ಪಾಯಿ!

“ಅಕ್ಕಾರ, ಹೊಟ್ಟಿ ಮ್ಯಾಲೆ ಒಂದು ತೂತಿತ್ತು. ಏನು ತೂತು ಅಂತೀರಿ, ನನ್ನ ಮುಷ್ಟಿ ಹೋಗೂವಂಗ ಇತ್ತು! ಕಟ್ಟಿಗಿ ಪುಡಿ, ಹುಣಸಿಬೀಜದ ಅಂಟು ಗಚ್ಚಾಗಿ ಮೆತ್ತೇನಿ. ಎಲ್ಲಿತ್ತಂತ ಈಗ ನನಗೂ ಸಿಗವಲ್ದು.”

ಜನ್ಮವೆಲ್ಲ ಹಣ್ಣು ಮಾಡಿದವನು. ತೂತಿದ್ದ ಹಣ್ಣನ್ನು ಅವನು ಮನೆಯಿಂದ ಹೊರಗೆ ಬಿಡುತ್ತಾನೆಯೇ? ನಾನು ಮೈದುನನ ಮುಖ ನೋಡಿದೆ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು, “ಭಾರಿ ಆಗೇತ್ರಿ” ಅಂದ. ಬಸ್ಸಿನಲ್ಲಿ ಬಾಜೂಕೆ ಕುಳಿತ ಹೆಂಗಸು ನನ್ನನ್ನು ಕೇಳಿದಳು, “ಯಕ್ಕಾ, ಪಪ್ಪಾಯಿ ಹೆಂಗ ಕೊಟ್ರು?”

ಮನೆಗೆ ಬಂದು ಮೂರು ತಂತಿ ಕಟ್ಟಿ ಮೀಟಿದ. ದಬ್. ಮತ್ತೆ ಮೀಟಿದ. ದಬ್. ಜೋಳದ ಚೀಲಕ್ಕೆ ಬಡಿದರೆ ಇದಕ್ಕಿಂತ ಇಂಪಾಗಿ ಕೇಳುತ್ತದೆ.

“ತೂತು ಕೊರಿಯೋ ಮಾರಾಯಾ,” ಅಂದೆ.

“ಬಣ್ಣ ಹಾಳಾಕ್ಕೈತ್ರಿ. ದನಿ ಎಲ್ಲಿ ಹೋಗೇತಿ? ಒಳಗ ಐತಿ.”

ನಿಮ್ಮ ಅಜ್ಜ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ನೋಡಿ, “ಇನ್ನೂ ಕಾಯಿ ಐತಿ” ಅಂದರು. ಆದರೆ ಮಾತು ಕೊಟ್ಟಿದ್ದರು. “ಮೂಲ್ಯಾಗ ಕುಂದರು. ಒಂದ ಹಾಡು. ತಪ್ಪಿದಿ, ನಾ ಕೈ ಎತ್ತೂದು, ನೀ ಎದ್ದು ಚಪ್ಪಲಿ ಕಡೆ ಹೋಗೂದು. ಮತ್ತ ಜನ್ಮದಾಗ ಕೇಳಬ್ಯಾಡ.”

“ಆತಣ್ಣಾ,” ಅಂದ.

ಮರುದಿನ ಬಸದಿ ತುಂಬಿತ್ತು. ಗಂಡಸರು ಆ ಕಡೆ, ನಾವು ಹೆಂಗಸರು ಈ ಕಡೆ. ಸಣ್ಣಜ್ಜ ಇಸ್ತ್ರಿ ಧೋತರದಲ್ಲಿ, ತೊಡೆಯ ಮೇಲೆ ಪಪ್ಪಾಯಿ ಇಟ್ಟುಕೊಂಡು, ಜಮಖಾನೆಯ ತುದಿಯಲ್ಲಿ ಕುಳಿತ. ಹಾಡು ಶುರುವಾಯಿತು. ಮೊದಲ ಸಾಲಿಗೆ ದಬ್ ಎಂದಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎರಡನೇ ಸಾಲು ಹೇಗೋ ದಾಟಿತು. ಮೂರನೇ ಸಾಲಿಗೆ ತಪ್ಪಿದ. ಚೂರುಪಾರು ಅಲ್ಲ, ಇಡೀ ಒಂದು ಪೆಟ್ಟು ಹಿಂದೆ ಬಿದ್ದ.

ನಿಮ್ಮ ಅಜ್ಜನ ಕೈ ಹಾರ್ಮೋನಿಯಂ ಬಿಟ್ಟು ಮೇಲೇಳತೊಡಗಿತು. ಅದು ಪೂರ್ತಿ ಏಳುವ ಮೊದಲೇ ಇವನು ಧೋತರದ ಚುಂಗನ್ನು ಎತ್ತಿಕೊಂಡು ಏಳಲು ತಯಾರಾಗಿದ್ದ. ಅಣ್ಣನಿಗೆ ತೊಂದರೆ ಆಗಬಾರದು ಎನ್ನುವ ಹಾಗೆ.

ನಾನು ಹಾಡಿದೆ. ನಾನು ಹಾಡುವುದು ನನ್ನ ಬಾಜೂಕೆ ಕುಳಿತವಳಿಗೂ ಕೇಳಿಸುತ್ತಿರಲಿಲ್ಲ ಮಕ್ಕಳೇ, ಅಂಥವಳು ಗಂಡಸರಿಗೂ ಕೇಳುವ ಹಾಗೆ ನಾಲ್ಕನೇ ಸಾಲು ಎತ್ತಿದೆ, ಅವನ ಆ ತಪ್ಪು ದಬ್‌ಗೆ ಸರಿಯಾಗಿ, ಒಂದು ಪೆಟ್ಟು ಹಿಂದೆ. ಅವನು ಗಾಬರಿಯಲ್ಲಿ ಕುಳಿತು ಮೀಟಿದ, ಮತ್ತೆ ತಪ್ಪಿದ. ನಾನೂ ತಪ್ಪಿದೆ. ಅವನು ಎಡವಿದಲ್ಲೆಲ್ಲ ನಾನೂ ಎಡವಿದೆ. ಹೆಂಗಸರೆಲ್ಲ ನನ್ನ ಹಿಂದೆ ಬಂದರು. ನಿಮ್ಮ ಅಜ್ಜ ಕೈಯನ್ನು ಅರ್ಧಕ್ಕೆ ಹಿಡಿದು ನಮ್ಮ ಕಡೆ ತಿರುಗಿದರು. ನನ್ನನ್ನೇ ನೋಡಿದರು. ನಾನು ಕಣ್ಣು ಕೆಳಗೆ ಹಾಕಿದೆ, ಬಾಯಿ ಮುಚ್ಚಲಿಲ್ಲ. ಆ ಕೈ ಮೆಲ್ಲಗೆ ಇಳಿಯಿತು. ಹಾರ್ಮೋನಿಯಂ ಕೂಡ ಒಂದು ಪೆಟ್ಟು ಹಿಂದೆ ಸರಿದು, ನಮ್ಮ ಜೊತೆ ಬಂತು.

ಮನೆಗೆ ಬರುವಾಗ ಅವನು ಪಪ್ಪಾಯಿಯನ್ನು ಕೂಸಿನಂತೆ ಎತ್ತಿಕೊಂಡಿದ್ದ. ಅಣ್ಣ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಕಾಯ್ದು, ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ:

“ವೈನಿ, ಮನಸ್ಸಿಗೆ ಹಚ್ಚಕೋಬ್ಯಾಡ್ರಿ. ನಡಕ ನೀವು ತಾಳ ತಪ್ಪಿದ್ರಿ. ಅಣ್ಣ ಕೈ ಎತ್ತೂದ್ರಾಗ ಇದ್ದ. ನಾ ಸಂಭಾಳಿಸ್ಕೊಂಡೆ.”

“ಹೌದಪ್ಪಾ,” ಅಂದೆ, “ನೀ ಇದ್ದಿ ಅಂತ ಉಳಕೊಂಡೆ.”

“ಮುಂದಿನ ಸಲ ನನ್ನ ಕಡೆ ನೋಡಕೋತ ಹಾಡ್ರಿ.”

“ಆತು,” ಅಂದೆ.