ಕಂಪ್ಯೂಟರಿಗೆ ಗಾಳಿ ಹಾಕಿದ್ದು

ಮನೆಯಲ್ಲಿ ಯಾವುದಾದರೂ ಯಂತ್ರ ಕೈಕೊಟ್ಟರೆ ನನಗೆ ಒಳಗೊಳಗೇ ಸಂತೋಷವಾಗುತ್ತದೆ. ಕಾರವಾರದ ಕಚೇರಿಯಲ್ಲಿ ದಿನವಿಡೀ ಬೇರೆಯವರು ಬರೆದದ್ದರ ಕೆಳಗೆ ಸಹಿ ಹಾಕುವ ನನಗೆ, ಸ್ಕ್ರೂಡ್ರೈವರ್ ಹಿಡಿದಾಗ ಮಾತ್ರ ನಾನೂ ಒಂದು ಕೆಲಸ ಮಾಡುತ್ತಿದ್ದೇನೆ ಅನಿಸುತ್ತದೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಎಲ್ಲವನ್ನೂ ನಾನು ಬಿಚ್ಚಿ ಜೋಡಿಸಿದ್ದೇನೆ. ಅವುಗಳಲ್ಲಿ ಕೆಲವು ಈಗಲೂ ನಡೆಯುತ್ತವೆ.

ಉಳಿದದ್ದು ಹೆಂಡತಿ ಶೈಲಜಾಳ ಕಂಪ್ಯೂಟರ್ ಒಂದೇ. ಅವಳು ಅಂಕೋಲೆಯ ನಮ್ಮ ಮನೆಯಲ್ಲೇ ಕೂತು ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ಜೋಡಿಸಿದ ತುಣುಕುಗಳೆಲ್ಲ ಒಂದೇ ಚಿತ್ರವಾಗಿ ಹೊರಬರಬೇಕಾದರೆ ಕಂಪ್ಯೂಟರ್ ತಾಸುಗಟ್ಟಲೆ ಬೆವರಬೇಕು. ಮೇ ತಿಂಗಳ ಸೆಕೆಗೆ ಇಲ್ಲಿ ಮನುಷ್ಯರೇ ಅರ್ಧ ಕೆಲಸದಲ್ಲಿ ಕೈಚೆಲ್ಲುತ್ತಾರೆ. ಅದೂ ಹಾಗೇ ಮಾಡತೊಡಗಿತು. ಒಳಗಿನ ಬಿಸಿ ತೊಂಬತ್ತು ಡಿಗ್ರಿ ದಾಟಿದರೆ ಸಾಕು, ಹೇಳದೆ ಕೇಳದೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರು.

ನಾನು ಕಾರವಾರದಿಂದ ಎರಡು ಫ್ಯಾನು ತಂದೆ. ಭಾನುವಾರ ಬೆಳಿಗ್ಗೆ ಒಂದನ್ನು ಮೇಜಿನ ಪಕ್ಕ ನೆಲದ ಮೇಲಿದ್ದ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ, ಇನ್ನೊಂದನ್ನು ಹಿಂದೆ, ಎರಡೂ ಒಳಗೆ ಊದುವಂತೆ ಕೂರಿಸಿದೆ. ಸೆಕೆಯಾದವರಿಗೆ ಎರಡೂ ಕಡೆಯಿಂದ ಗಾಳಿ ಹಾಕಿದರೆ ಬೇಡವೆನ್ನುತ್ತಾರೆಯೇ ಎಂಬುದು ನನ್ನ ತರ್ಕ.

ಅವತ್ತೇ ಅಗಸೂರಿನ ನಾಗವೇಣಿಯಕ್ಕನ ಮಗಳ ಮದುವೆಯ ವಿಡಿಯೊ ಕೊಡಬೇಕಿತ್ತು. ಮದುವೆಯ ಹೊತ್ತಿಗೆ ಹುಡುಗಿಯ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಅವತ್ತು ಮಧ್ಯಾಹ್ನ ಅಜ್ಜಿ ಮನೆಗೆ ಬರುವವರು, ಮರುದಿನ ಬೆಳಿಗ್ಗೆ ಮೊಮ್ಮಗಳು ಗಂಡನೊಂದಿಗೆ ಮುಂಬೈಗೆ ಹೊರಡುವವಳು. ಇಬ್ಬರೂ ಒಟ್ಟಿಗೆ ಕೂತು ಮದುವೆ ನೋಡಲು ಆ ಒಂದು ಸಂಜೆ ಮಾತ್ರ ಇತ್ತು.

ಊಟದ ಹೊತ್ತಿಗೆ ನಾಗವೇಣಿಯಕ್ಕ ಬಂದು ಬಾಗಿಲಲ್ಲೇ ನಿಂತರು. "ಆಯ್ತದಾ ತಂಗೀ?"

"ಆಯ್ತದೆ, ಕೂತ್ಕಳಿ," ಎಂದಳು ಶೈಲಜಾ. ಹಾಗೆಂದ ಮರುಕ್ಷಣವೇ ಪರದೆ ಕಪ್ಪಾಯಿತು. ಫ್ಯಾನು ಹಾಕುವ ಮೊದಲು ಅರ್ಧದವರೆಗಾದರೂ ಬರುತ್ತಿದ್ದ ಮದುವೆ ಈಗ ಅರಿಶಿನಶಾಸ್ತ್ರದಲ್ಲೇ ನಿಂತಿತ್ತು.

ಅಷ್ಟರಲ್ಲಿ ನಾಗವೇಣಿಯಕ್ಕನ ಫೋನು ಹೊಡೆದುಕೊಂಡಿತು. ಅಜ್ಜಿ ಮನೆಗೆ ಬಂದಾಗಿತ್ತು. ಹೊಸ ಸೀರೆ ಉಟ್ಟು, ದಿಂಬಿಗೆ ಒರಗಿ, ಇನ್ನೂ ಹಚ್ಚದ ಟೀವಿಯನ್ನೇ ನೋಡುತ್ತ ಕೂತಿದ್ದರಂತೆ. ಶೈಲಜಾ ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸುಮ್ಮನೆ ಮತ್ತೆ ಶುರುಮಾಡಿದಳು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕೆ ಏರತೊಡಗಿತು.

"ಬೆಳಗಿಂದ ಎಷ್ಟು ಸಲ ಸತ್ತೋಯ್ತು ಅದು! ದೃಷ್ಟಿಯೇ ತಾಗಿರೂದು," ಎನ್ನುತ್ತ ಶೈಲಜಾಳ ಅತ್ತೆ, ಅಂದರೆ ನನ್ನ ಆಯಿ, ಊದುಬತ್ತಿ ಹಚ್ಚಿಕೊಂಡು ಬಂದು ಪೆಟ್ಟಿಗೆಯ ಸುತ್ತ ತಿರುಗಿಸಿದಳು. ಮುಂದೆ ಹಿಡಿದಾಗ ಹೊಗೆ ಸರ್ರನೆ ಒಳಗೆ ಹೋಯಿತು. ಹಿಂದೆ ಹಿಡಿದಾಗಲೂ ಸರ್ರನೆ ಒಳಗೇ ಹೋಯಿತು.

"ನೋಡು, ಎಷ್ಟು ಚಲೋ ಎಳೀತದೆ!" ಎಂದೆ ನಾನು ಹೆಮ್ಮೆಯಿಂದ.

ಶೈಲಜಾ ಈಗ ತಿರುಗಿದಳು. "ಮುಂದಿಂದೂ ಎಳೀತದೆ, ಹಿಂದಿಂದೂ ಎಳೀತದೆ. ಒಳಗಿನ ಬಿಸಿ ಹೊರಗೆ ಹೋಗೂಕೆ ದಾರಿ ಎಲ್ಲಿಟ್ಟೀರಿ?"

ನಾನು ಯಂತ್ರ ಆರಿಸಿ, ಹಿಂದಿನ ಫ್ಯಾನು ಬಿಚ್ಚತೊಡಗಿದೆ. ಬೆವರಿಗೆ ಸ್ಕ್ರೂ ಜಾರಿ ಮೇಜಿನ ಕೆಳಗೆ ಉರುಳಿತು. ನಾಗವೇಣಿಯಕ್ಕ ಸೆರಗು ಸಿಕ್ಕಿಸಿಕೊಂಡು ಹುಡುಕಲು ಕೂತರು. ಅವರ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು, ಅವರು ಎತ್ತಲಿಲ್ಲ. ಫ್ಯಾನನ್ನು ಮಗುಚಿ ಕೂರಿಸಿ ಗುಂಡಿ ಒತ್ತಿದೆ. ಹಿಂಬದಿಯಿಂದ ಬಿಸಿಗಾಳಿ ಅಂಗೈಗೆ ಬಡಿಯಿತು. ಒಲೆಯ ಬಾಯಿಗೆ ಕೈಹಿಡಿದಂತಿತ್ತು. ಅಂಕೆ ಎಪ್ಪತ್ತರ ಆಸುಪಾಸಿನಲ್ಲಿ ನಿಂತಿತು.

ಅರಿಶಿನ ದಾಟಿತು. ಧಾರೆ ದಾಟಿತು. ಊಟದ ಪಂಕ್ತಿಯೂ ಅರ್ಧ ಮುಗಿಯಿತು. ಆಮೇಲೆ, ಯಾಕೋ, ಅಂಕೆ ಮತ್ತೆ ಏರತೊಡಗಿತು. ಎಪ್ಪತ್ತೈದು. ಎಂಬತ್ತು. ನಾನು ಆತಂಕದಿಂದ ಇನ್ನಷ್ಟು ಹತ್ತಿರ ಸರಿದೆ. ಎಂಬತ್ತಾರು. ನಾಗವೇಣಿಯಕ್ಕ ಕಣ್ಣು ಮುಚ್ಚಿಕೊಂಡಿದ್ದರು. ಆಯಿ ಏನನ್ನೋ ಗುಣುಗುಣಿಸುತ್ತಿದ್ದಳು.

"ರೀ," ಎಂದಳು ಶೈಲಜಾ, ಬಹಳ ಮೆಲ್ಲಗೆ. "ನೀವು ಸ್ವಲ್ಪ ಅತ್ಲಾಗೆ ಸರೀರಿ."

ಬಗ್ಗಿ ನೋಡಿದೆ. ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಮುಂಬದಿಯ ಜಾಲರಿಗೆ ನಾನು ಪಂಚೆಯ ಸಮೇತ ಮೊಣಕಾಲು ಒತ್ತಿ ನಿಂತಿದ್ದೆ. ನನ್ನ ಪಂಚೆ ಅದಕ್ಕೆ ಅಂಟಿಕೊಂಡಿತ್ತು. ಸರಿದೆ. ಅಂಕೆ ಇಳಿಯಿತು. ಹುಡುಗಿ ಅಳುತ್ತ ಕಾರು ಹತ್ತಿದಳು, ಮದುವೆ ಮುಗಿಯಿತು.

ಸಂಜೆ ಅಗಸೂರಿನಿಂದ ಫೋನು ಬಂತು. ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡೇ ಪೂರ್ತಿ ನೋಡಿದರಂತೆ. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಪಾಯಸ ಬಡಿಸಿಲ್ಲವೆಂದು ಸೊಸೆ ನಾಗವೇಣಿಯಕ್ಕನನ್ನು ಬೈದರಂತೆ. ಶೈಲಜಾ ನಗುನಗುತ್ತ ನನಗೆ ಚಹ ತಂದುಕೊಟ್ಟಳು.

ಈಗ ಅವಳು ದೊಡ್ಡ ಕೆಲಸಕ್ಕೆ ಕೂತಾಗಲೆಲ್ಲ ಮುಂದೆ ಒಂದು ಫ್ಯಾನು, ಹಿಂದೆ ಒಂದು ಫ್ಯಾನು, ಜಗಲಿಯಲ್ಲಿ ನಾನು. ಈ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಒಮ್ಮೆಯೂ ಬಿಸಿಯಾಗಿಲ್ಲ.